ಬಸಲಿಂಗಪ್ಪನ ತಲೆದೀಪ

ಲೈಬೀರಿಯಾದಲ್ಲಿ ಯುದ್ಧಕಾಲದಲ್ಲಿ ನೀರು ತುಂಬಿ ಮುಚ್ಚಿಹೋದ ಗಣಿಯೊಂದನ್ನು ಮತ್ತೆ ತೆರೆಯಬೇಕಿತ್ತು. ಅದಕ್ಕೆ ಮೂವರು ನೇಮಕವಾಗಿದ್ದರು: ಹಟ್ಟಿ ಚಿನ್ನದ ಗಣಿಯಲ್ಲಿ ಪಳಗಿದ ಬಸಲಿಂಗಪ್ಪ, ಮೈಸೂರಿನ ಭೂವಿಜ್ಞಾನಿ ಶಬನಮ್, ಆ ಗಣಿಯೂರಿನ ಮಗಳೇ ಆದ ಎಂಜಿನಿಯರ್ ಕೆಬ್ಬೆ. ಹೊರಡುವ ಮೊದಲು ಅಮೆರಿಕದ ನಾರ್ತ್ ಕ್ಯಾರೊಲೈನಾದ ಪಾಳುಗಣಿಯೊಂದರ ತುದಿ ಮುಟ್ಟಿ ಬಂದು ಅಭ್ಯಾಸ ಮಾಡಬೇಕಿತ್ತು.

ಪಕ್ಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸಿನಿಂದ ಮೂವರ ಕಾರು ದಕ್ಷಿಣಕ್ಕೆ ಸಾಗಿದಂತೆ ಗುಡ್ಡಗಳು ಒಂದರ ಹೆಗಲಿಗೊಂದು ತಲೆಯಿಟ್ಟು ಮಲಗಿರುವುದು ಕಂಡಿತು. ಮಂಜು ಅವುಗಳಿಗೆ ಕೌದಿ ಹೊದಿಸಿತ್ತು.

ಸುರಂಗದ ಬಾಯಲ್ಲಿ ಬಸಲಿಂಗಪ್ಪ ಬಂಡೆಗೆ ಹಣೆ ಹಚ್ಚಿದ. "ತಾಯಿ, ನಿನ್ನ ಹೊಟ್ಟಿಯೊಳಗ ಬರಾಕತ್ತೀವಿ. ಸಿಟ್ಟಾಗಬ್ಯಾಡ."

"ಬಿಸ್ಮಿಲ್ಲಾ," ಎಂದಳು ಶಬನಮ್.

ಒಳಗೆ ಒಂದೆಡೆ ಚಾವಣಿ ಸಡಿಲವಾಗಿತ್ತು. ಒಬ್ಬೊಬ್ಬರೇ ದಾಟಬೇಕು, ಮೊದಲು ದಾಟಿದವರು ಚಾವಣಿ ನೋಡಿ ತಲೆದೀಪದಿಂದ ಸನ್ನೆ ಮಾಡಬೇಕು. ಬೆಳಕು ಮೇಲೆ ಕೆಳಗೆ ಆಡಿದರೆ 'ಬಾ', ಅಡ್ಡಡ್ಡ ಆಡಿದರೆ 'ನಿಲ್ಲು'.

ತುದಿ ಮುಟ್ಟಿ ಮರಳುವಾಗ ಬಸಲಿಂಗಪ್ಪ, ಶಬನಮ್ ದಾಟಿ ಎತ್ತರದ ಜಾಗ ಸೇರಿದರು. ಕೆಬ್ಬೆ ಇನ್ನೂ ಆಚೆಗಿದ್ದಳು.

ಆಗ ಗುಡುಗಿದಂಥ ಸದ್ದು. ಹೊರಗಿನ ಮಳೆ ಬಂಡೆಯ ಬಿರುಕಿನಿಂದ ಒಳಗೆ ನುಗ್ಗಿತು!

ನೀರು ಕೆಬ್ಬೆಯ ಮೊಣಕಾಲಿಗೇರಿತು. ಕೂಗಿದರೆ ಕೇಳಿಸದು. ಬರಲೇ ಎಂದು ಅವಳು ಕೈಯೆತ್ತಿದಳು.

"ಹೂಂ, ಬಾರವ್ವಾ," ಎಂದು ಬಸಲಿಂಗಪ್ಪ ತಲೆಯಾಡಿಸಿದ.

ಅವಳು ನಿಂತುಬಿಟ್ಟಳು. ನೀರು ಸೊಂಟಕ್ಕೆ ಬಂತು.

"ಯಾಕ ನಿಂತಾಳ? ಬಾ ಅನ್ನಾಕತ್ತೀನಲ್ಲ!" ಅವನ ತಲೆ ಆ ಭುಜದಿಂದ ಈ ಭುಜಕ್ಕೆ ಇನ್ನೂ ಜೋರಾಗಿ ಆಡಿತು, ಜೊತೆಗೆ ದೀಪವೂ. ಅವಳು ಗೋಡೆಗೆ ಒತ್ತಿಕೊಂಡಳು.

"ಅಂಕಲ್, ತಲೆ ನಿಲ್ಸಿ!" ಶಬನಮ್ ಚೀರಿದಳು. "ಅವಳಿಗೆ ಸ್ಟಾಪ್ ಅಂತ ಕಾಣ್ತಿದೆ!"

"ನಾ ಹೂಂ ಅನ್ನಾಕತ್ತೀನಿ!"

"ಅದು ನಮ್ಮೂರ ಹೂಂ, ಅಂಕಲ್!"

ಎರಡೂ ಕೈಯಿಂದ ಅವನ ಗಲ್ಲ ಹಿಡಿದು ಶಬನಮ್ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು.

ಕೆಬ್ಬೆ ಬಗ್ಗಿ ಹೊರಟಳು. ಹೆಲ್ಮೆಟ್ಟಿನ ಮೇಲೆ ಕಲ್ಲಿನ ಹರಳುಗಳು ಉದುರಿದವು. ಬಸಲಿಂಗಪ್ಪ ಅವಳ ಬೆಲ್ಟಿಗೆ ಕೈಹಾಕಿ ಮೇಲಕ್ಕೆಳೆದುಕೊಂಡ.

ಹೊರಗೆ ಮಳೆ ತೆಳ್ಳಗಾಗಿತ್ತು. ನಡೆದದ್ದನ್ನು ಶಬನಮ್ ಇಂಗ್ಲಿಷಿನಲ್ಲಿ ವಿವರಿಸಿದಾಗ ಕೆಬ್ಬೆ ಬಿದ್ದು ಬಿದ್ದು ನಕ್ಕಳು. ಬಸಲಿಂಗಪ್ಪ ನಗಲಿಲ್ಲ.

"ನನ್ನ ಬಿಟ್ಟು ಲೈಬೀರಿಯಾಕ್ಕ ಹೋಗ್ರಿ. ಅಲ್ಲಿ ಮಂದಿ ನನ್ನ ದೀಪಾನ ನಂಬತಾರ. ಈ ತಲಿ ಇನ್ನ ತಿದ್ದಾಕ ಬರೂದಿಲ್ಲ."

ಶಬನಮ್ ಅದನ್ನೂ ಹೇಳಿದಳು. ಕೆಬ್ಬೆಯ ನಗು ನಿಂತಿತು. ಅವನ ಹೆಲ್ಮೆಟ್ಟಿನಿಂದ ದೀಪ ಬಿಚ್ಚಿ, ಕೆಸರೊರೆಸಿ, ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಕೈಯಲ್ಲಿ ಹಿಡೀಬೇಕಂತೆ, ಅಂಕಲ್," ಎಂದಳು ಶಬನಮ್.

"ಅಂದ್ರ, ಕರಕೊಂಡು ಹೋಗ್ತೀಯೇನವ್ವಾ?"

ಕೆಬ್ಬೆಗೆ ಮಾತು ತಿಳಿಯಲಿಲ್ಲ. ತನ್ನ ಚೀಲದ ಜೊತೆಗೆ ಅವನ ಒದ್ದೆ ಚೀಲವನ್ನೂ ಹೆಗಲಿಗೇರಿಸಿಕೊಂಡು ಅವಳು ಕಾರಿನತ್ತ ನಡೆದಳು.