ಎಂಟನೇ ಭಾಗದ ಲಂಗರು

ಟಪ್!

ಪುಸ್ತಕ ಮುಚ್ಚಿದ ಸದ್ದು, ಅಷ್ಟೇ. ಆದರೂ ರಾತ್ರಿ ಒಂದೂವರೆಗೆ, ಹೊಳನಗದ್ದೆಯ ಆ ಮನೆಯಲ್ಲಿ ಮಾಲಿನಿಗೆ ಅದು ದೊಡ್ಡದಾಗಿಯೇ ಕೇಳಿಸಿತು. ಪಕ್ಕದ ಕೋಣೆಯಲ್ಲಿ ತ್ರ್ಯಂಬಕ ಮಾವನ ಗೊರಕೆ ನಿಂತಿತಾ...? ಇಲ್ಲ.

‘ಮುಳುಗದ ಮನೆ’ ಮುಗಿದಿತ್ತು. ಎಂಟೂ ಭಾಗ!

ಅವಳಿಗೆ ಅಳು ಬಂತು. ಅರ್ಧ, ಕಥೆಯ ನಾಯಕಿ ಪದ್ಮಾಕ್ಷಿಗಾಗಿ; ಅರ್ಧ, ತನಗಾಗಿ. ಹೆಣ್ಣು ನೋಡಲು ಬಂದ ಭಟ್ಕಳದ ಮೋಹನನ ಮನೆಯವರು, “ಓದಿನ ಹುಚ್ಚೊಂದು ಬಿಡ್ಬೇಕು” ಅಂದಿದ್ದರು. ಮಾವ ತಲೆಯಾಡಿಸಿದ್ದರು. ದಾರಿ ಕಾಣದೆ ಮಾಲಿನಿ, “ಈ ಎಂಟು ಭಾಗ ಮುಗೀಲಿ, ಆಮೇಲೆ ಉತ್ತರ ಹೇಳ್ತೆ” ಅಂದುಬಿಟ್ಟಿದ್ದಳು.

ಉತ್ತರ ಎಂದರೆ ‘ಹೂಂ’ ಎಂದೇ ಎಲ್ಲರೂ ತಿಳಿದಿದ್ದರು.

ಅವಳು ನಲವತ್ತೊಂದನೇ ಪುಟ ತೆರೆದಳು. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ನಾಗಮ್ಮನ ಬಾಡಿಗೆ ಲೈಬ್ರರಿಯ ಓದುಗರೆಲ್ಲ ಆ ಪುಟದ ಮೂಲೆಯಲ್ಲಿ ತಮ್ಮತಮ್ಮ ಗುರುತು ಹಾಕುತ್ತಿದ್ದರು. ಮಾಲಿನಿಯದು ನಕ್ಷತ್ರ. ಅವಳಿಗಿಂತ ಮೊದಲು, ಪ್ರತಿ ಭಾಗದಲ್ಲೂ, ಯಾರದೋ ಒಂದು ಪುಟ್ಟ ದೋಣಿ.

ಇಲ್ಲೂ ಇತ್ತು. ಆದರೆ ಈ ಸಲ ದೋಣಿ ಲಂಗರು ಹಾಕಿತ್ತು!

‘ಯಾಕೆ ನಿಂತೆ ನೀನು...?’

ಪಕ್ಕದಲ್ಲಿ ತನ್ನ ನಕ್ಷತ್ರ ಬರೆದು ದೀಪ ಆರಿಸಿದಳು.

ಮರುದಿನ ಸಂಜೆ ಹೊನ್ನಾವರದಲ್ಲಿ, ತಾನು ಕೆಲಸ ಮಾಡುವ ಕನ್ನಡಕದಂಗಡಿಯಿಂದ ಎಂಟನೇ ಭಾಗ ಹಿಡಿದು ನೇರ ನಾಗಮ್ಮನ ಲೈಬ್ರರಿ ಜಗಲಿಗೆ ಬಂದಳು. ಕಪಾಟಿನ ಮುಂದೆ ಒಬ್ಬ ನಿಂತಿದ್ದ. ಉಗುರಿನ ಸಂದಿಯಲ್ಲಿ ಗ್ರೀಸು.

“ಓ, ನಕ್ಷತ್ರ ಬಂತು!” ನಾಗಮ್ಮ ಕೂಗಿದಳು. “ತಗ, ಎಂಟನೇ ಭಾಗ ಮೂರು ವಾರ ಇಟ್ಕಂಡವ ಇವನೇ. ಕಿರಣ. ಕಾಸರಕೋಡಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡ್ತ.”

ಮಾಲಿನಿಗೆ ಉರಿದುಹೋಯಿತು. “ಮೂರು ವಾರ! ನಾನು ನಾಕು ಸಲ ಬಂದು ಬರಿಗೈಲಿ ಹೋದೆ. ಅಕ್ಷರ ಎಣಿಸಿ ಓದ್ತ್ರಾ ನೀವು?”

“ಎರಡೇ ದಿನಕ್ಕೆ ಓದಿ ಮುಗ್ಸಿದ್ದೆ.”

“ಮತ್ತೆ?”

ನಾಗಮ್ಮ ಇದ್ದಕ್ಕಿದ್ದಂತೆ ಕಪಾಟಿನ ಧೂಳು ಹೊಡೆಯತೊಡಗಿದಳು. “ನಾ ಎಂತದೂ ಹೇಳ್ಲಿಲ್ಲಪ್ಪ!”

“ನಾಗಮ್ಮಕ್ಕಾ...!”

“ನೀ ಹೇಳಿದ ಮದುವೆ ಸುದ್ದಿ ಇವನಿಗೊಬ್ಬನಿಗೇ ಹೇಳಿದ್ದು ಮಾರಾಯ್ತಿ. ಮತ್ತೆ... ಆ ಹಾಲಿನಂಗಡಿ ವೀಣಾಗೆ.”

ಕಿರಣ ತಲೆ ತಗ್ಗಿಸಿದ. “ಇದು ಮುಗಿದ್ರೆ ನೀವು ಮದುವೆಗೆ ಹೂಂ ಅಂತ್ರಿ ಅಂದ್ರು. ವಾಪಸ್ ಕೊಡೂಕೆ ಕೈ ಬರ್ಲಿಲ್ಲ. ಲಂಗರು ಹಾಕಿದ್ದೂ ಅದಕ್ಕೇ...”

ದೋಣಿ! ಇವನೇ ಆ ದೋಣಿ!

ಎದೆ ಒಮ್ಮೆ ಹಾರಿತು. ಮರುಕ್ಷಣವೇ ಸಿಟ್ಟು ಇಮ್ಮಡಿಯಾಯಿತು.

“ನನ್ನ ಉತ್ತರ ತಡ ಮಾಡೂಕೆ ನೀವ್ಯಾರು? ಮಾವ ಬೇಗ ಬೇಗ ಅಂತ್ರು. ನೀವು ಪುಸ್ತಕ ಅಡಗಿಸಿ ಇಡ್ತ್ರಿ. ನಿಂಗೆ ಎಂತ ಬೇಕು ಅಂತ ಕೇಳಿದವ್ರು ಒಬ್ರಾದ್ರೂ ಇದ್ರಾ?”

“ತಪ್ಪಾತು,” ಅಂದ ಅವನು. ಅಷ್ಟೇ. ನೆಪ ಹೇಳಲಿಲ್ಲ.

ಮಾಲಿನಿ ಅಲ್ಲೇ ಫೋನ್ ತೆಗೆದಳು.

“ಮಾವ, ಎಂಟನೇ ಭಾಗ ಮುಗೀತು.”

“ಹಾಂ! ಒಳ್ಳೇದಾತು. ಭಟ್ಕಳಕ್ಕೆ ಫೋನ್ ಮಾಡ್ತೆ.”

“ಮಾಡಿ. ಅವಳಿಗೆ ಒಪ್ಪಿಗೆ ಇಲ್ಲ ಅಂತ ಹೇಳಿ.”

“ಎಂತಾ? ಮಾತು ಕೊಟ್ಟಿದ್ಯಲೇ!”

“ಉತ್ತರ ಹೇಳ್ತೆ ಅಂದಿದ್ದೆ. ಹೇಳಿದೆ.”

“ಯಾರು ನಿನ್ನ ತಲೆ ಕೆಡಿಸಿದ್ದು? ಮೊದ್ಲು ಮನೆಗೆ ಬಾ!”

“ಬತ್ತೆ ಮಾವ. ಇನ್ನೊಂದು ಪುಸ್ತಕ ತಕಂಡೇ ಬತ್ತೆ.”

ಫೋನ್ ಚೀಲಕ್ಕೆ ಹಾಕಿದಳು. ಕಿರಣ ಸ್ಟೂಲು ಅವಳ ಕಡೆ ಸರಿಸಿದ. ಕೂತಳು.

“ಮುಂದೆ ಓದೂಕೆ... ಇದು ಚಲೋ ಇದ್ದು,” ಅವನು ಒಂದು ಪುಸ್ತಕಕ್ಕೆ ಕೈ ಹಾಕಿದ.

“ನಾನೇ ಆರಿಸ್ತೆ.”

“ಹಾಂ... ಹೌದು. ನೀವೇ.” ಕೈ ಹಿಂದಕ್ಕೆ ಹೋಯಿತು.

ಅವಳಿಗೆ ನಗು ಬಂತು. ತಡೆದುಕೊಂಡಳು. ಕೆಳಗಿನ ಸಾಲಿಂದ ದಪ್ಪನೆಯದೊಂದನ್ನು ಎಳೆದು ನಲವತ್ತೊಂದನೇ ಪುಟ ನೋಡಿದಳು. ಖಾಲಿ!

“ಇದರಲ್ಲಿ ದೋಣಿ ಇಲ್ಲ.”

“ಅದು ನಾ ಓದ್ಲಿಲ್ಲ.”

“ಹಾಗಾದ್ರೆ ಈ ಸಲ ನಾನು ಮುಂದೆ. ನೀವು ಕಾಯ್ಬೇಕು.”

“ಕಾಯ್ತೆ.” ಅವನು ಕಪಾಟಿನ ಕಡೆ ತೋರಿಸಿದ. “ಮಾಲಿನಿ... ನೀವು ಕೊಟ್ಟು ಹೋದ ಮೇಲೆ ಪ್ರತಿ ಭಾಗ ತೆಗೆದು ನೋಡ್ತಿದ್ದೆ. ಮೊದಲನೇದ್ರಲ್ಲಿ ನಕ್ಷತ್ರ ಪುಟದ ಆ ತುದಿಗಿತ್ತು. ಬರ್ತಾ ಬರ್ತಾ ದೋಣಿ ಹತ್ರ ಬಂತು. ಅದನ್ನ ನೋಡೂಕೇ ಬತ್ತಿದ್ದೆ. ನೀವಂದ್ರೆ ನಂಗೆ ಇಷ್ಟ.”

ಅವಳ ಕಿವಿ ಬಿಸಿಯಾಯಿತು. ‘ಹತ್ತಿರ ಬಂದದ್ದು ನನಗೇ ಗೊತ್ತಿರಲಿಲ್ಲವಲ್ಲ...!’

“ಉತ್ತರ ಈಗ್ಲೇ ಬೇಕಾ?”

“ಬೇಡ. ನಿಮಗೆ ಹೇಳಬೇಕು ಅನ್ನಿಸಿದಾಗ.”

ಕೊನೆಗೂ ಒಬ್ಬ ಅವಳಿಗೆ ಸಮಯ ಬಿಟ್ಟುಕೊಟ್ಟಿದ್ದ! ಮಾಲಿನಿ ನಾಗಮ್ಮನ ಪೆನ್ಸಿಲ್ ಎತ್ತಿಕೊಂಡಳು. ಒಂದು ಸಾಲೂ ಓದದ ಪುಸ್ತಕದ ಖಾಲಿ ಮೂಲೆಯಲ್ಲಿ ನಕ್ಷತ್ರ ಬರೆದು ಅವನ ಮುಂದೆ ಹಿಡಿದಳು.

“ಪಕ್ಕದಲ್ಲಿ ಜಾಗ ಬಿಟ್ಟಿದ್ದೆ. ಲಂಗರು ಮಾತ್ರ ಬೇಡ.”

ಅವನ ದೋಣಿ ಸ್ವಲ್ಪ ಸೊಟ್ಟಗೆ ಬಂತು.

“ಓದೂಕೆ ಮೊದ್ಲೇ ಗುರುತಾ!” ಅನ್ನಲು ಹೊರಟ ನಾಗಮ್ಮ ಇಬ್ಬರ ಮುಖ ನೋಡಿ ಸುಮ್ಮನಾದಳು.

ಅವರು ಬಸ್‌ಸ್ಟ್ಯಾಂಡ್ ಕಡೆ ಇಳಿದು ಹೋದ ಮೇಲೆ ವೀಣಾ ಹಾಲು ಹಿಡಿದು ಬಂದಳು. “ಎಂತದು ನಾಗಮ್ಮಾ, ಗಲಾಟೆ ಕೇಳ್ತಿತ್ತಲ್ಲ? ಎಂತ ಸುದ್ದಿ?”

ನಾಗಮ್ಮ ಬಾಯಿ ತೆರೆದಳು. ಇಷ್ಟು ರುಚಿಯ ಸುದ್ದಿ ವರ್ಷದಲ್ಲಿ ಸಿಕ್ಕಿರಲಿಲ್ಲ...

ಎಂಟನೇ ಭಾಗವನ್ನು ಕಪಾಟಿಗೆ ಸೇರಿಸಿ, ಈ ಒಂದು ಸುದ್ದಿಯನ್ನು ಯಾರಿಗೂ ಹೇಳಬಾರದೆಂದು ನಿಶ್ಚಯ ಮಾಡಿದಳು.

“ಎಂತದೂ ಇಲ್ಲೆ. ಹಾಲು ಅಲ್ಲಿಡು.”