ಆರನೆಯ ಸಿಲಿಂಡರ್

"ಯಾರು ಕೆಮ್ಮಿದ್ದು?"

ಭಾರ್ಗವಿಯ ಪ್ರಶ್ನೆಗೆ ಉತ್ತರ ಕೊಡುವವರು ಆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಬಡಗುಕೊಪ್ಪಲದ ಬೋಟುಗಳೆಲ್ಲ ದಡ ಸೇರಿದ್ದವು. ಮೆಕ್ಯಾನಿಕ್‌ಗಳು ಊಟಕ್ಕೆ ಹೋಗಿದ್ದರು. ಅವಳ ಎದುರಿಗೆ ಜಾಮ್ ಆಗಿ ನಿಂತ ಒಂದು ಹಳೆಯ ಡೀಸೆಲ್ ಎಂಜಿನ್, ಅದರ ಮೈಗೆ ಜಿಗಣೆಗಳ ಹಾಗೆ ಕಚ್ಚಿಸಿದ ತಂತಿಗಳು, ತಂತಿಗಳ ಇನ್ನೊಂದು ತುದಿಯಲ್ಲಿ ಅವಳೇ ಕಟ್ಟಿದ ಪ್ರತಿಕಂಪನ ಯಂತ್ರ. ಯಂತ್ರ ತನ್ನ ಪಾಡಿಗೆ ತಾನು ಸಣ್ಣಗೆ ಗುನುಗುತ್ತಿತ್ತು. ಮತ್ತೆ ಕೆಮ್ಮು ಕೇಳಿಸಿತು; ಬೀಡಿ ಸೇದುವವರ ಒಣ ಕೆಮ್ಮು. ಆಮೇಲೆ ಪಿಸ್ಟನ್ ಮೆಲ್ಲಗೆ ಸಡಿಲಗೊಂಡು ಒಂದು ಬೆರಳಿನಷ್ಟು ಕೆಳಗಿಳಿಯಿತು.

ಕೆಮ್ಮಿದ್ದು ಎಂಜಿನ್ನು.

ಆ ಹೊತ್ತಿಗೆ ಡೀಸೆಲ್ ಎಂಜಿನ್ ತಯಾರಿಸುವ ಕಾರ್ಖಾನೆಗಳೆಲ್ಲ ಮುಚ್ಚಿ ಬಹಳ ಕಾಲವಾಗಿತ್ತು. ದಡದ ಹತ್ತಿರದ ಮೀನುಗಾರಿಕೆಗೆ ಬ್ಯಾಟರಿ ಬೋಟುಗಳು ಸಾಕಾಗುತ್ತಿದ್ದವು. ಆಳಸಮುದ್ರದಲ್ಲಿ ಗಾಳಿ ಎದ್ದರೆ ಮಾತ್ರ ಹಳೆಯ ಎಂಜಿನ್ನುಗಳೇ ಗತಿ. ಅವುಗಳಲ್ಲಿ ಒಂದು ಪಿಸ್ಟನ್ ಒಡೆದರೆ ಇನ್ನೊಂದು ಸಿಗುತ್ತಿರಲಿಲ್ಲ. ಹಿಂದೆಲ್ಲ ಎಂಜಿನ್ ಜಾಮ್ ಆದರೆ ಸೀಮೆಎಣ್ಣೆ ಸುರಿದು ಕಾಯುತ್ತಿದ್ದರು, ಗ್ಯಾಸಿನ ಉರಿ ಹಿಡಿಯುತ್ತಿದ್ದರು, ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಕೊನೆಗೆ ಪಿಸ್ಟನ್ ಹೊರಗೆ ಬರುತ್ತಿತ್ತು, ಆದರೆ ಅರ್ಧಕ್ಕರ್ಧ ಸಲ ಸೀಳಿಕೊಂಡೇ ಬರುತ್ತಿತ್ತು. ಭಾರ್ಗವಿಯ ಯಂತ್ರ ಬಡಿಯುವುದೂ ಇಲ್ಲ, ಸುಡುವುದೂ ಇಲ್ಲ. ಮೊದಲು ಕೇಳಿಸಿಕೊಳ್ಳುತ್ತದೆ. ಕೂದಲಿಗಿಂತ ಸೂಕ್ಷ್ಮವಾದ ಕಂಪನಗಳನ್ನು ಒಳಗೆ ಕಳಿಸಿ, ಲೋಹ ಲೋಹವನ್ನು ಎಲ್ಲೆಲ್ಲಿ ಎಷ್ಟೆಷ್ಟು ಬಿಗಿಯಾಗಿ ಹಿಡಿದಿದೆ ಎಂದು ತಿಳಿದುಕೊಳ್ಳುತ್ತದೆ. ಆಮೇಲೆ ಆ ಬಿಗಿತಕ್ಕೆ ಸರಿಯಾಗಿ ಎದುರಾದ ಕಂಪನವನ್ನು ಕೊಡುತ್ತದೆ. ಹಿಡಿತ ಎಳೆಎಳೆಯಾಗಿ ಬಿಡುತ್ತದೆ. ಗೀರು ಕೂಡ ಉಳಿಯುವುದಿಲ್ಲ.

ಕೆಮ್ಮಿನ ಕಾರಣ ತಿಳಿಯಲು ಅವಳಿಗೆ ಒಂದು ವಾರ ಬೇಕಾಯಿತು. ಎಣ್ಣೆ ಬತ್ತಿದ ಎಂಜಿನ್ನಿನಲ್ಲಿ ಪಿಸ್ಟನ್ ಕಾದು ಉಬ್ಬುತ್ತದೆ. ಅದರ ಮೇಲ್ಪದರ ಕರಗಿ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅಂಟಿ ಗಟ್ಟಿಯಾಗುವ ಆ ಅಷ್ಟು ಹೊತ್ತು ಲೋಹ ಮೇಣದ ಹಾಗಿರುತ್ತದೆ. ಸುತ್ತಲಿನ ಸದ್ದೆಲ್ಲ ಅದರಲ್ಲಿ ಗೆರೆಗಳಾಗಿ ಕೂತುಬಿಡುತ್ತದೆ. ಬಿಡಿಸುವಾಗ ಪ್ರತಿ ಗೆರೆಯೂ ತಾನು ನುಂಗಿದ್ದನ್ನು ಹೇಳಿಯೇ ಹೊರಡುತ್ತದೆ. ಭಾರ್ಗವಿ ಇದಕ್ಕೆ ಲೋಹದುಲಿ ಎಂದು ಹೆಸರಿಟ್ಟಳು. ಊರಿನವರು ಯಂತ್ರಕ್ಕೆ ಕಿವಿಪೆಟ್ಟಿಗೆ ಎಂದರು.

ಮೊದಮೊದಲು ನಗುವಿತ್ತು. ಮೀನುಗಾರರ ಸಂಘದ ಅಧ್ಯಕ್ಷ ಭೋಜ ಸಾಲ್ಯಾನರ ಎಂಜಿನ್ ಬಿಡಿಸುವಾಗ, ಅವರು ಎಂದೋ ಸಮುದ್ರದ ಮಧ್ಯೆ ತಮ್ಮ ಹೆಂಡತಿಯ ತಮ್ಮನಿಗೆ ಬೈದ ಬೈಗುಳ ಸ್ಪಷ್ಟವಾಗಿ ಹೊರಗೆ ಬಂತು. ಆ ಮಹಾರಾಯ ಅಲ್ಲೇ ಸ್ಪ್ಯಾನರ್ ಹಿಡಿದು ನಿಂತಿದ್ದ. "ಇಷ್ಟು ವರ್ಷ ಹಿಂದಿನಿಂದ ಹೇಳ್ತಾ ಇದ್ರಿ ಭಾವ, ಇವತ್ತು ಎದುರಿಗೇ ಹೇಳಿದ್ರಿ. ಸಂತೋಷ" ಎಂದ. ಆಮೇಲೆ ಜನ ಬೇರೆ ರೀತಿಯ ಎಂಜಿನ್ನುಗಳನ್ನು, ತೀರಿಕೊಂಡವರು ನಡೆಸುತ್ತಿದ್ದ ಎಂಜಿನ್ನುಗಳನ್ನು, ತರತೊಡಗಿದರು. ಅವರಲ್ಲಿ ಯಾರೂ ಪಿಸ್ಟನ್ನಿನ ಮಾತೆತ್ತಲಿಲ್ಲ. ಮುದುಕಿಯೊಬ್ಬಳು ಶೆಡ್ಡಿನ ನೆಲದ ಮೇಲೆ ಕೂತು, ಸತ್ತ ಮಗ ಗುನುಗಿದ ಅರ್ಧ ಸಾಲಿನ ಭಜನೆಯನ್ನು ಕೇಳಿ, ಉಳಿದರ್ಧವನ್ನು ತಾನೇ ಹೇಳಿ ಮುಗಿಸಿ ಎದ್ದು ಹೋದಳು. ಅಂದಿನಿಂದ ಭಾರ್ಗವಿ ಯಂತ್ರ ಹಚ್ಚುವ ಮೊದಲು ಚಪ್ಪಲಿ ಹೊರಗೆ ಬಿಡುತ್ತಿದ್ದಳು.

ಆ ಮಳೆಗಾಲದ ಕೊನೆಗೆ 'ಮತ್ಸ್ಯಗೌರಿ' ಬೋಟಿನ ಎಂಜಿನ್ ಬಂತು. ಆಳದಲ್ಲಿ ಯಾರದೋ ಬಲೆಗೆ ಸಿಕ್ಕಿ ಮೇಲೆದ್ದಿತ್ತು. ಮೈತುಂಬ ಚಿಪ್ಪು, ಉಪ್ಪು, ತುಕ್ಕು. ಅದನ್ನು ಕಂಡವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

ಹನ್ನೆರಡು ವರ್ಷಗಳ ಹಿಂದೆ, ಒಂದು ಬಿರುಗಾಳಿಯಲ್ಲಿ, ಶೇಖರ ಕುಂದರ್ ಎಂಬ ತಾಂಡೇಲ ನಡೆಸುತ್ತಿದ್ದ ಬೋಟು ಎಂಜಿನ್ ಕೆಟ್ಟು ನಿಂತಿತು. ಮತ್ಸ್ಯಗೌರಿಯ ತಾಂಡೇಲ ವಾಮನ ಮೆಂಡನ್ ಹಗ್ಗ ಕಟ್ಟಿ ಅದನ್ನು ಎಳೆದುಕೊಂಡು ಹೊರಟ. ಅಷ್ಟನ್ನು ದಡದವರು ವೈರ್‌ಲೆಸ್ಸಿನಲ್ಲಿ ಕೇಳಿದ್ದರು; ಆಮೇಲಿನ ಮಾತು ದಡಕ್ಕೆ ಮುಟ್ಟಲಿಲ್ಲ. ಮರುದಿನ ಶೇಖರನ ಬೋಟು ಬಂಡೆಗೆ ಬಡಿದು ಚೂರಾಗಿ ಸಿಕ್ಕಿತು, ಒಂಟಿಯಾಗಿ. ಮತ್ಸ್ಯಗೌರಿ ಸಿಗಲೇ ಇಲ್ಲ. ವಾಮನ ಹಗ್ಗ ಕಡಿದು ತಲೆ ತಪ್ಪಿಸಿಕೊಳ್ಳಲು ನೋಡಿದ, ಸಮುದ್ರ ಬಿಡಲಿಲ್ಲ ಎಂದು ಊರು ತೀರ್ಮಾನಿಸಿತು. ಅವನ ಹೆಂಡತಿ ಸುಮತಿ ಮೀನು ಮಾರುವವಳು. ಅಂದಿನಿಂದ ಅವಳ ಬುಟ್ಟಿಯಿಂದ ಯಾರೂ ಬೋಣಿ ಮಾಡಲಿಲ್ಲ. ಉಳಿದವರ ಬುಟ್ಟಿ ಖಾಲಿಯಾದ ಮೇಲೆ ಅವಳದಕ್ಕೆ ಕೈ ಹಾಕುತ್ತಿದ್ದರು. ಶೇಖರನ ಹೆಂಡತಿ ಕಮಲ ಅವಳ ನೆರಳು ಬಿದ್ದಲ್ಲಿ ಬುಟ್ಟಿ ಇಳಿಸುತ್ತಿರಲಿಲ್ಲ.

ಸುಮತಿ ಭಾರ್ಗವಿಯನ್ನು ಕೇಳಿದ್ದು ಒಂದೇ. ಅವರು ಕಡಿಯಲಿಲ್ಲ ಅಂತ ಎಂಜಿನ್ ಹೇಳ್ತದಾ?

ಏನು ಹೇಳುತ್ತದೆ ಎಂದು ತನಗೂ ಗೊತ್ತಿಲ್ಲ ಎಂದಳು ಭಾರ್ಗವಿ. ಎಣ್ಣೆಯ ಪಂಪಿನಿಂದ ದೂರವಿರುವ ಸಿಲಿಂಡರ್ ಮೊದಲು ಕಚ್ಚುತ್ತದೆ, ಹತ್ತಿರದ್ದು ಕೊನೆಗೆ. ಆದ್ದರಿಂದ ಆರು ಸಿಲಿಂಡರುಗಳಲ್ಲಿ ಆರು ಗಳಿಗೆಗಳು ಒಂದರ ಹಿಂದೊಂದು ಇರಬೇಕು ಎಂದು ವಿವರಿಸಿದಳು. ಸುಮತಿ ಮಗುವಿನ ಜ್ವರ ನೋಡುವವಳಂತೆ ಎಂಜಿನ್ನಿಗೆ ಅಂಗೈ ಇಟ್ಟಳು.

ಕೇಳುವ ದಿನ ಶೆಡ್ಡು ತುಂಬಿತ್ತು. ಸುಮತಿ ಮೇಜಿನ ಪಕ್ಕ, ಕಮಲ ಬಾಗಿಲ ಹತ್ತಿರ, ಒಳಗೆ ಬಾರದೆ. ಮೊದಲ ಸಿಲಿಂಡರಿನಲ್ಲಿ ನೀರಿನ ಮೊರೆತ ಮಾತ್ರ. ಎರಡನೆಯದರಲ್ಲಿ ಯಾರೋ ದೇವರ ಹೆಸರು ಕೂಗಿದರು. ಮೂರನೆಯದರಲ್ಲಿ ಠಕ್, ಠಕ್, ಠಕ್ ಎಂದು ಮೂರು ಪೆಟ್ಟು. ಸಾಲ್ಯಾನರು ಭಾರ್ಗವಿಯ ಕಿವಿಯ ಬಳಿ ಬಾಗಿ ವಿವರಿಸಿದರು. ಎಂಜಿನ್ ಕೋಣೆಯಲ್ಲಿದ್ದವನಿಗೆ ಮಾತು ಕೇಳಿಸುವುದಿಲ್ಲ. ತಾಂಡೇಲ ಮೇಲಿನಿಂದ ಕಬ್ಬಿಣದ ಸರಳಿನಲ್ಲಿ ಹಲಗೆಗೆ ಬಡಿಯುತ್ತಾನೆ. ಒಂದು ಪೆಟ್ಟೆಂದರೆ ನಿಲ್ಲಿಸು, ಎರಡೆಂದರೆ ನಿಧಾನ, ಮೂರೆಂದರೆ ಪೂರ್ತಿ ಜೋರು. ನಾಲ್ಕನೆಯದರಲ್ಲೂ ಮೂರು ಪೆಟ್ಟು.

ಐದನೆಯದು ಬಿಡುವಾಗ ವೈರ್‌ಲೆಸ್ಸಿನ ಕರಕರ ಕೇಳಿಸಿತು. ಅದರೊಳಗಿಂದ ಒಂದು ಗಂಡಸಿನ ದನಿ ತುಳುವಿನಲ್ಲಿ, ಅವಸರವಿಲ್ಲದೆ, ಏನೋ ಹೇಳಿತು. ಭಾರ್ಗವಿಗೆ ತುಳು ಬರುತ್ತಿರಲಿಲ್ಲ. ಆದರೆ ಬಾಗಿಲ ಬಳಿ ಕಮಲ ತಲೆಯ ಮೇಲೆ ಸೆರಗು ಎಳೆದುಕೊಂಡದ್ದು ಕಂಡಿತು. ಹಿರಿಯರ ಎದುರು, ದೇವರ ಎದುರು ಎಳೆದುಕೊಳ್ಳುವ ಹಾಗೆ. ದನಿ ನಿಂತ ಮೇಲೆ ಮೂರು ಪೆಟ್ಟು. ಮತ್ತೆ ಮೂರು ಪೆಟ್ಟು. ಆಮೇಲೆ ಲೋಹ ಕಿರುಚಿ ಸುಮ್ಮನಾಯಿತು.

"ಅದು ಶೇಖರ" ಎಂದರು ಸಾಲ್ಯಾನರು. "ನಮ್ಮನ್ನು ಬಿಡಿ ವಾಮನಣ್ಣ, ಹಗ್ಗ ಕಡಿಯಿರಿ, ನಿಮ್ಮವರಾದ್ರೂ ಮನೆ ಸೇರ್ಲಿ ಅಂತ ಹೇಳಿದ್ದು."

ಹಾಗೆ ಹೇಳಿಸಿಕೊಂಡವನು ಎಂಜಿನ್ ಪೂರ್ತಿ ಜೋರು ಮಾಡಿಸಿದ್ದ. ಎಣ್ಣೆ ಬತ್ತುವವರೆಗೆ, ಕಬ್ಬಿಣ ಕರಗುವವರೆಗೆ ಎಳೆದಿದ್ದ. ಹೊರಗೆ ಮಳೆ ಬರುತ್ತಿದ್ದದ್ದು ಆಗ ಎಲ್ಲರಿಗೂ ಕೇಳಿಸಿತು.

ಭಾರ್ಗವಿ ತಂತಿಗಳನ್ನು ಆರನೆಯದಕ್ಕೆ ಕಚ್ಚಿಸಿದಳು. ಬಿಡಿಸುವ ಮೊದಲು ಯಂತ್ರ ಒಳಗಿನ ಸದ್ದಿನ ನೆರಳನ್ನು ಪರದೆಯ ಮೇಲೆ ತೋರಿಸುತ್ತದೆ. ನೆರಳು ಮೂಡಿತು. ಮೂರು ಪೆಟ್ಟಿಲ್ಲ. ಒಂದೇ ಒಂದು ಭಾರವಾದ ಪೆಟ್ಟು, ಮರದ ಮೇಲೆ. ಎಂಜಿನ್ ನಿಲ್ಲಿಸೆಂದ ಸರಳಿನದೋ ಹಗ್ಗ ಕಡಿದ ಕೊಡಲಿಯದೋ, ಪರದೆ ಹೇಳುವುದಿಲ್ಲ. ಅವಳು ಯೋಚಿಸದೆ ಅದನ್ನು ಬಾಯಿಬಿಟ್ಟು ಹೇಳಿಬಿಟ್ಟಳು. ಹೇಳಿದ ಮೇಲೆ ಸುಮತಿಯ ಕೈ ನೋಡಿದಳು. ಅದು ಮೇಜಿನ ಅಂಚನ್ನು ಹಿಡಿದಿತ್ತು. ಬೆರಳುಗಳ ತುದಿ ಬೆಳ್ಳಗಾಗಿತ್ತು. ಹನ್ನೆರಡು ವರ್ಷ ಗಂಡನ ಪರವಾಗಿ ಒಬ್ಬಳೇ ನಿಂತವಳಿಗೂ ಕೊನೆಯ ಪೆಟ್ಟು ಯಾವುದೆಂದು ಗೊತ್ತಿರಲಿಲ್ಲ.

ಸಾಲ್ಯಾನರು ಕೈ ಎತ್ತಿ ತಡೆದರು. ಸಮುದ್ರದ ಒಂದು ಕಟ್ಟಳೆ ಇದೆ ಎಂದರು. ಎಳೆಯುವ ಬೋಟು, ಎಳೆಸಿಕೊಳ್ಳುವ ಬೋಟು, ಹಗ್ಗ ಇರುವ ತನಕ ಎರಡೂ ಒಂದೇ ಬೋಟು. ಸಿಕ್ಕಿದ್ದೂ ಹೋದದ್ದೂ ಎರಡು ಮನೆಗೂ ಅರ್ಧರ್ಧ. ವಾಮನ ಕಡಿಯಲಿಲ್ಲವೆಂದಾದರೆ ಈ ಎಂಜಿನ್ನಿನಲ್ಲಿ ಕಮಲಳಿಗೆ ಅರ್ಧ ಇದೆ. ಕಡಿದನೆಂದಾದರೆ ಇಲ್ಲ. ಅದು ಆರನೆಯದು ಬಿಟ್ಟ ಮೇಲೆ ಗೊತ್ತಾಗ್ತದೆ.

ಆಗ ಕಮಲ ಒಳಗೆ ಬಂದಳು. ಜನ ದಾರಿ ಬಿಟ್ಟರು. ಅವಳು ಪರದೆಯ ಮೇಲಿದ್ದ ಆ ಒಂಟಿ ಗೆರೆಯನ್ನು ನೋಡಲಿಲ್ಲ. ಮೇಜಿನ ಅಂಚನ್ನು ಹಿಡಿದ ಕೈಯನ್ನು ನೋಡಿದಳು.

"ನನ್ನ ಅರ್ಧ ನಾನು ತಗೊಂಡೆ ಸಾಲ್ಯಾನ್ರೆ" ಎಂದಳು. "ಎಲ್ಲರೂ ಕೇಳಿ ಆಯ್ತಲ್ಲ? ಬಿಡಿಸಿದ ಐದು ಪಿಸ್ಟನ್ ಯಾರ ಬೋಟಿಗೆ ಬೇಕಾದ್ರೂ ಕೊಡಿ. ಇದು ಹೀಗೇ ಇರ್ಲಿ."

ಅರ್ಧ ತೆಗೆದುಕೊಂಡೆನೆಂದರೆ ಹಗ್ಗ ಕಡಿದಿರಲಿಲ್ಲ ಎಂದು ಶೇಖರನ ಮನೆಯೇ ಹೇಳಿದ ಹಾಗೆ. ಅಲ್ಲಿದ್ದವರಿಗೆ ಅದು ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಸುಮತಿ ಮೇಜಿನ ಅಂಚು ಬಿಟ್ಟು ಅಲ್ಲೇ ನೆಲದ ಮೇಲೆ ಕೂತಳು. ಕಮಲ ಅವಳ ಪಕ್ಕ ಕೂತಳು, ಮುಟ್ಟಲಿಲ್ಲ.

ಭಾರ್ಗವಿಯ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಕಚ್ಚಿಕೊಂಡ ಒಂದೇ ಒಂದು ಲೋಹವನ್ನೂ ಅವಳು ಈವರೆಗೆ ಹಾಗೇ ಬಿಟ್ಟವಳಲ್ಲ. ಒಳಗಿದ್ದ ಆ ಪೆಟ್ಟು ಅವಳ ಕಿವಿಯೊಳಗೆ ಬಂದು ಕೂತಾಗಿತ್ತು. ಇನ್ನು ಯಾವ ರಾತ್ರಿಯೂ ಅದು ಸರಳೋ ಕೊಡಲಿಯೋ ಎಂದು ಕೇಳದೆ ಬಿಡುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಅವಳು ಬಗ್ಗಿ, ಬೇರೆ ಯಾರಿಗೂ ಕೇಳಿಸದ ಹಾಗೆ ಕಮಲಳನ್ನು ಕೇಳಿದಳು: "ಎಲ್ಲರೂ ಹೋದ ಮೇಲೆ, ನಾನೊಬ್ಬಳೇ ಕೇಳಿಸಿಕೊಳ್ಳುತ್ತೇನೆ. ಯಾರಿಗೂ ಹೇಳುವುದಿಲ್ಲ. ಒಪ್ಪಿಗೆ ಕೊಡಿ ಕಮಲಕ್ಕ."

ಕಮಲ ತಲೆ ಎತ್ತಿ ಅವಳನ್ನೇ ನೋಡಿದಳು.

"ಕೊಡುದಿಲ್ಲ" ಎಂದಳು.