ಬಲಗಿವಿಯ ಮೇಲಿನ ಬಿಳಿ ಚುಕ್ಕೆ

ಬ್ಯಾಟು ನನ್ನ ಕಿವಿ ಸವರಿಕೊಂಡು ಹೋಯಿತು!

ಮರದ ಬ್ಯಾಟು, ಮೇಷ್ಟ್ರೇ. ಅಲ್ಲೇ ನನ್ನ ಎಣಿಕೆ ತಪ್ಪಿದ್ದು.

ಎಂಆರ್‌ಐ ಕೋಣೆಗೆ ಕಬ್ಬಿಣ ತಂದರೆ ಯಂತ್ರದ ಅಯಸ್ಕಾಂತ ಕಸಿದುಕೊಳ್ಳುತ್ತದೆ. ಅದನ್ನೇ ನಂಬಿ ಒಳಗೆ ನುಗ್ಗಿದ್ದೆ. ಆದರೆ ಆಸ್ಪತ್ರೆಯ ಸೆಕ್ಯುರಿಟಿ ಗಾರ್ಡ್ ಬುಲ್ಡೋಜರ್‌ಗೂ ಅದು ಗೊತ್ತಿತ್ತು!

ಬಾಗಿಲಿಗೆ ಅಡ್ಡ ನಿಂತು ಹಲ್ಲು ಕಿರಿದ.

"ಟ್ರೇನಿಂಗ್ ಕೊಟ್ಟಿದಾರೆ ಗುರೂ... ಬರೀ ಮರ! ಹನ್ನೊಂದರ ತನಕ ನಿಮ್ಮಿಬ್ರನ್ನೂ ಇಲ್ಲೇ ಇಟ್ಕೊಳ್ಳೋದು ನನ್ನ ಡ್ಯೂಟಿ."

ಗಾಜಿನಾಚೆಯ ಗಡಿಯಾರದಲ್ಲಿ ಹತ್ತೂ ನಲವತ್ತು. ಹನ್ನೊಂದಕ್ಕೆ ಮೇಲಿನ ಮಹಡಿಯಲ್ಲಿ ನಮ್ಮಕ್ಕನ ತಲೆಬುರುಡೆ ಕೊರೆಯುತ್ತಾರೆ.

ಅಕ್ಕ ಗಡಿಯಾರ ರಿಪೇರಿ ಮಾಡುವವಳು. ಎರಡು ವರ್ಷದಿಂದ ಬಲಗೈ ನಡುಕ. ಚಿಮಟದಲ್ಲಿ ಒಂದು ಸ್ಕ್ರೂ ನಿಲ್ಲದು. ಚೀಫ್ ಡಾಕ್ಟರ ಬಳಿ ಆಪರೇಷನ್ನಿಗೆ ಹೆಸರು ಬರೆಸಿದವನು ನಾನೇ. ಅವರಿಗೆ ನಾನೊಂದು ಕೆಲಸ ಮಾಡಿಕೊಟ್ಟಿದ್ದೆ.

ಯಾವ ಕೆಲಸ ಅಂತ... ನಿಮಗೆ ಗೊತ್ತು.

ನನ್ನ ಬೆನ್ನ ಹಿಂದೆ ಸ್ಕ್ಯಾನ್ ಟೆಕ್ನೀಶಿಯನ್ ಅವಿತಿದ್ದ. ಬೆಳಿಗ್ಗೆ ನನಗೆ ಫೋನ್ ಮಾಡಿದವನು ಇವನೇ. ಅಡ್ಡಹೆಸರು ಕ್ಯಾಪ್ಸೂಲ್. ಸ್ಕ್ಯಾನಿಗೆ ಮುಂಚೆ ಪ್ರತಿ ರೋಗಿಯ ಬಲಗಿವಿಯ ಮೇಲೆ ಒಂದು ಎಣ್ಣೆ ಮಾತ್ರೆಯನ್ನು ಟೇಪು ಹಾಕಿ ಅಂಟಿಸುತ್ತಾನೆ. ಚಿತ್ರದಲ್ಲಿ ಅದು ಬಿಳಿ ಚುಕ್ಕೆಯಾಗಿ ಮೂಡುತ್ತದೆ. ಚುಕ್ಕೆ ಇದ್ದ ಕಡೆ ಬಲ. ಅಷ್ಟೇ.

"ಬೇಗ ಬೊಗಳು! ಏನಾಗಿದೆ?"

"ಕಿರಿಮೆದುಳಿಂದ ಮೇಲಿನ ಮೆದುಳಿಗೆ ನರದ ದಾರಿ ಇದೆ ಅಣ್ಣಾ... ಬಲದಿಂದ ಹೊರಟು ಎಡಕ್ಕೆ ದಾಟುತ್ತೆ. ನಡುಕ ಹಾಯೋದು ಆ ದಾರೀಲೇ. ಸ್ಕ್ಯಾನಲ್ಲಿ ಅದರ ಮ್ಯಾಪ್ ತೆಗೆದು, ಮಧ್ಯೆ ಒಂದು ಸಾಸಿವೆಯಷ್ಟು ಸುಡ್ತಾರೆ."

"ಸುಡ್ಲಿ!"

"ಚೀಫ್ ಅವರ ಹೊಸ ಸಾಫ್ಟ್‌ವೇರು ಮ್ಯಾಪನ್ನೇ ಎಡಬಲ ತಿರುಗಿಸಿದೆ! ಬಲಭಾಗದ ಮ್ಯಾಪ್ ಹಿಡ್ಕೊಂಡು ಎಡಭಾಗ ಸುಡ್ತಾರೆ. ಎರಡು ಮಿಲಿಮೀಟರ್ ಆಚೀಚೆ ಆದ್ರೂ ಕೈ, ಮಾತು... ಎಲ್ಲಾ ಹೋಯ್ತು!"

"ಚೀಫ್‌ಗೆ ಹೇಳಿದ್ಯಾ?"

"ಹೇಳ್ದೆ. 'ಐವತ್ತು ಜನ ಡಾಕ್ಟ್ರು ನೋಡೋಕೆ ಬಂದಿದಾರೆ, ಬಾಯಿ ಬಿಟ್ರೆ ಹುಷಾರ್' ಅಂದ್ರು. ಆಮೇಲೆ ಇವನನ್ನ ಕಳಿಸಿದ್ರು."

"ಪುರಾಣ ಮುಗೀತಾ?" ಬುಲ್ಡೋಜರ್ ಬ್ಯಾಟು ಎತ್ತಿದ.

ನಾನು ಯಂತ್ರದ ಬಾಯಿಯತ್ತ ಹಿಂದೆ ಸರಿದೆ. ಆಗ ಕಣ್ಣಿಗೆ ಬಿತ್ತು...

ಅವನ ಬೂಟು! ಉಕ್ಕಿನ ಮೂತಿಯ ದಪ್ಪ ಬೂಟು!

"ಬಾರೋ ಹೇಡಿ!"

ಬಂದ. ಬಲಗಾಲು ಅವನ ಮಾತು ಕೇಳದೆ ತಾನೇ ಮೇಲೆದ್ದಿತು. ಢಮ್! ಬೂಟು ಯಂತ್ರಕ್ಕೆ ಕಚ್ಚಿಕೊಂಡಿತು. ಬುಲ್ಡೋಜರ್ ಈಗ ಒಂಟಿಕಾಲಿನ ಕೊಕ್ಕರೆ!

"ಟ್ರೇನಿಂಗಲ್ಲಿ ಬೂಟಿನ ಪಾಠ ಇರ್ಲಿಲ್ವೇನೋ?"

ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿದೆ. ಹಿಂದೆ ಶಿಳ್ಳೆ, ಕೂಗು... ಥಿಯೇಟರ್ ಬಾಗಿಲು ಒದ್ದೆ.

ಅಕ್ಕ ಎಚ್ಚರವಾಗಿದ್ದಳು. ಈ ಆಪರೇಷನ್ನಿಗೆ ಎಚ್ಚರ ಇರಲೇಬೇಕಂತೆ. ಬೋಳಿಸಿದ ತಲೆಗೆ ಲೋಹದ ಚೌಕಟ್ಟು. ಚೀಫ್ ಕೈಯಲ್ಲಿ ಡ್ರಿಲ್. ಗಾಜಿನಾಚೆ ಐವತ್ತು ಮುಖ. ದೊಡ್ಡ ಪರದೆಯ ಮೇಲೆ ಅಕ್ಕನ ಮೆದುಳು, ಬಣ್ಣದ ದಾರದ ಉಂಡೆಯ ಹಾಗೆ. 'ಎಡ' ಎಂದು ಗುರುತಿದ್ದ ಕಡೆ ಒಂದು ಬಿಳಿ ಚುಕ್ಕೆ!

"ಇವನನ್ನ ಹೊರಗೆ ಹಾಕಿ!"

"ಆ ಚುಕ್ಕೆ ಬಲಗಡೆ ಇರಬೇಕು ಡಾಕ್ಟ್ರೇ!"

"ಟೆಕ್ನೀಶಿಯನ್ ಈ ಸಲ ಎಡಕ್ಕೆ ಅಂಟಿಸಿದಾನೆ." ಚೀಫ್ ದನಿ ತಣ್ಣಗಿತ್ತು. "ಅಲ್ಲ ಅನ್ನೋಕೆ ಪ್ರೂಫ್ ಇದೆಯಾ?"

ಇರಲಿಲ್ಲ. ನಾಲ್ಕು ಕೈಗಳು ನನ್ನನ್ನು ಹಿಡಿದೆಳೆದವು.

ಅಕ್ಕ ಗೊಣಗಿದಳು. "ಲೋ... ಜಗಳ ಆಮೇಲಾಡು. ಮೊದಲು ನನ್ನ ಬಲಗಿವಿ ಮೇಲೆ ಕೆರಿ. ನಿನ್ನೆಯಿಂದ ತುರಿಕೆ ತಡೆಯೋಕಾಗ್ತಿಲ್ಲ. ಹಾಳು ಟೇಪು!"

ಟೇಪು!

ಚಿಕ್ಕಂದಿನಿಂದಲೂ ಹಾಗೇ. ಗಾಯಕ್ಕೆ ಪ್ಲಾಸ್ಟರ್ ಹಾಕಿದರೆ ಗಾಯಕ್ಕಿಂತ ಪ್ಲಾಸ್ಟರೇ ಅವಳನ್ನು ಹೆಚ್ಚು ಅಳಿಸುತ್ತಿತ್ತು. ಬಲಗಿವಿಯ ಮೇಲೆ, ಟೇಪಿನ ಅಳತೆಗೇ ಕತ್ತರಿಸಿದಂತೆ, ಕೆಂಪು ಗುಳ್ಳೆಗಳ ಪಟ್ಟಿ. ಎಡಗಡೆ ಚರ್ಮ ನುಣ್ಣಗೆ!

"ನೋಡಿ!" ಎಂದು ಗಾಜಿನತ್ತ ಕಿರುಚಿದೆ. "ಟೇಪು ಎಲ್ಲಿತ್ತು ಅಂತ ನೀವೇ ನೋಡಿ!"

ಗಾಜಿನಾಚೆ ವಯಸ್ಸಾದ ಡಾಕ್ಟರಮ್ಮ ಒಬ್ಬರು ಎದ್ದು ನಿಂತರು. ಮೈಕು ಗೊರಗುಟ್ಟಿತು.

"ಡ್ರಿಲ್ ಕೆಳಗಿಡಿ."

ಚೀಫ್ ಇಡಲಿಲ್ಲ. ಕೈ ನಡುಗುತ್ತಿತ್ತು... ಅಕ್ಕನ ಕೈಗಿಂತ ಜೋರಾಗಿ! ಕೊನೆಗೆ ನರ್ಸ್ ಪ್ಲಗ್ ಕಿತ್ತಳು.

ಹೊರಗೆ ಬಂದ ಮೇಲೆ ಅಕ್ಕ ಕೇಳಿದ್ದು ಒಂದೇ ಮಾತು.

"ನನಗಿಂತ ಮುಂಚೆ ಈ ಮ್ಯಾಪ್ ನೋಡ್ಕೊಂಡು ಯಾರನ್ನಾದ್ರೂ ಸುಟ್ರೇನೋ?"

ನೇರ ಇಲ್ಲಿಗೆ ಬಂದೆ, ನಿಮ್ಮ ಮಂಚದ ಬಳಿಗೆ.

ಗೊತ್ತು, ಮೇಷ್ಟ್ರೇ. ಚೀಫ್ ನಿಮ್ಮ ತಲೆ ಕೊರೆದಂದಿನಿಂದ ನಿಮಗೆ ಮಾತು ಹೊರಡದು. ಬಲಗೈ ಏಳದು. ನಿಮ್ಮ ಮನೆಯವರು ಚೀಫ್ ಮೇಲೆ ಬರೆದಿದ್ದ ದೂರು ಇಗೋ, ನನ್ನ ಕೈಯಲ್ಲೇ ಇದೆ. ಚೀಫ್‌ಗೋಸ್ಕರ ಅವರನ್ನು ಹೆದರಿಸಿ ಕಿತ್ತುಕೊಂಡು ಹೋದವನು ನಾನೇ. ಹರಿದು ಹಾಕಿರಲಿಲ್ಲ... ನನ್ನ ಕಸುಬಿನಲ್ಲಿ ಯಾವ ಕಾಗದವನ್ನೂ ಹರಿಯುವುದಿಲ್ಲ.

ಪೆನ್ನು ಹಿಡಿಯಿರಿ. ನನ್ನ ಕಪಾಳಕ್ಕೆ ಬಾರಿಸಬೇಕೆನಿಸಿದರೆ ಖಂಡಿತ ಬಾರಿಸಿ... ಆದರೆ ನಿಮಗೆ ಉಳಿದಿರುವುದು ಎಡಗೈ ಒಂದೇ, ಮೊದಲು ಸಹಿ ಹಾಕಿ!